ನಡಿಗೆಯ ಫಲವೂ ನೆತ್ತರಿನ ಲೆಕ್ಕವೂ



ಕಳೆದ ವರ್ಷ ಶ್ರಾವಣ ಮಾಸದ ಸಂಚಿಕೆಯಲ್ಲಿ ನಾನು ಇದೇ ಪುಟದಲ್ಲಿ ನಡಿಗೆಯ ಗುಣಗಳನ್ನು ಕುರಿತು ಬರೆದಿದ್ದೆನು. ಆಗ ನಾನು ಉದ್ಯೋಗದಿಂದ ನಿವೃತ್ತನಾಗಿ, ತೀರ್ಥಹಳ್ಳಿಯಲ್ಲಿ ನೆಲೆಸಿ, ಬೆಳಗಿನ ನಡಿಗೆಯನ್ನು ಹೊಸತಾಗಿ ಆರಂಭಿಸಿದ್ದೆನು. ಹೊಸ ಭಕ್ತನ ಉತ್ಸಾಹದಲ್ಲಿ ಆ ಬರಹದ ಕೊನೆಗೆ, “ದಿನವೂ ನಡೆಯುವವನಿಗೆ ಔಷಧದ ಹಂಗೇಕೆ?” ಎಂಬುದೊಂದು ವಾಕ್ಯವನ್ನು ಸೇರಿಸಿದೆನು. ವಾಕ್ಯವು ಕಿವಿಗೆ ಇಂಪಾಗಿತ್ತು. ಕೆಲವರು ಮೆಚ್ಚಿ ಕಾಗದವನ್ನೂ ಬರೆದರು. ಆದರೆ ಅದು ಸತ್ಯವಾಗಿರಲಿಲ್ಲ. ಮೂವತ್ತು ವರ್ಷಕಾಲ ಹುಡುಗರ ಪುಸ್ತಕಗಳಲ್ಲಿ ಕೆಂಪು ಶಾಯಿಯ ಗೆರೆಯೆಳೆದವನು ತನ್ನ ತಪ್ಪಿಗೆ ತಾನೇ ಗೆರೆಯೆಳೆಯದೆ ಇರುವುದು ಯುಕ್ತವಲ್ಲವಾದುದರಿಂದ, ಈ ತಿಂಗಳ ಪುಟವನ್ನು ಆ ಕೆಲಸಕ್ಕೆ ಮೀಸಲಾಗಿಟ್ಟಿದ್ದೇನೆ.

ನನ್ನ ತಂಗಿಯನ್ನು ಸಾಗರದ ಕಡೆಗೆ ಕೊಟ್ಟಿದೆ. ಭಾವನವರು ಅಡಿಕೆ ತೋಟದವರು. ಐವತ್ತೈದರ ಆಸುಪಾಸಿನ ವಯಸ್ಸು, ಸ್ವಲ್ಪ ಸ್ಥೂಲವಾದ ಶರೀರ. ನೆತ್ತರಿನಲ್ಲಿ ಕೊಲೆಸ್ಟರಾಲ್ ಹೆಚ್ಚಾಗಿದೆಯೆಂದು ವೈದ್ಯರು ಅವರಿಗೆ ಒಂದು ಮಾತ್ರೆಯನ್ನು ಕೊಟ್ಟಿದ್ದರು. ನನ್ನ ಬರಹವನ್ನು ಓದಿದ ಮೇಲೆ ಅವರು ದಿನವೂ ಮುಂಜಾನೆ ನಡೆಯತೊಡಗಿದರು, ಮಾತ್ರೆಯನ್ನು ನಿಲ್ಲಿಸಿಬಿಟ್ಟರು. ತೂಕವು ನಾಲ್ಕು ಕಿಲೋ ಇಳಿಯಿತು, ಏದುಸಿರು ಕಡಮೆಯಾಯಿತು. ಎಲ್ಲವೂ ಸರಿಹೋಯಿತೆಂದೇ ಮನೆಯವರು ತಿಳಿದರು. ಈ ವರ್ಷ ಆಷಾಢದ ಒಂದು ರಾತ್ರಿ, ಮಳೆ ಧಾರಾಕಾರವಾಗಿ ಸುರಿಯುತ್ತಿರುವಾಗ, ಅವರಿಗೆ ಎದೆನೋವು ಕಾಣಿಸಿಕೊಂಡಿತು. ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಿಸಿ, ಅಲ್ಲಿಂದ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕರೆದೊಯ್ದರು. ದೈವಕೃಪೆಯಿಂದಲೂ ವೈದ್ಯರ ಜಾಗರೂಕತೆಯಿಂದಲೂ ಜೀವ ಉಳಿಯಿತು.

ನಾನು ನೋಡಲು ಹೋದಾಗ ತಂಗಿಯು ಔಷಧದ ಡಬ್ಬಿಯನ್ನು ತೆರೆದು ತೋರಿಸಿದಳು. ತೆಗೆದುಕೊಳ್ಳದ ಮಾತ್ರೆಗಳ ಮೇಲೆ ಈ ಪತ್ರಿಕೆಯ ಪುಟವನ್ನು ಕತ್ತರಿಸಿ ಮಡಿಸಿಟ್ಟಿತ್ತು. “ಅಣ್ಣಾ, ನಿನ್ನ ಮಾತೆಂದರೆ ಇವರಿಗೆ ವೇದವಾಕ್ಯ” ಎಂದಳು. ಆಕೆ ಬೇಸರದಿಂದ ಹೇಳಿದ್ದಲ್ಲ. ಆದುದರಿಂದಲೇ ಆ ಮಾತು ನನ್ನನ್ನು ಹೆಚ್ಚಾಗಿ ನೋಯಿಸಿತು. ಮಾತ್ರೆ ಬಿಟ್ಟದ್ದರಿಂದಲೇ ಹೀಗಾಯಿತೆಂದು ಯಾವ ವೈದ್ಯನೂ ಒಬ್ಬ ರೋಗಿಯ ವಿಷಯದಲ್ಲಿ ಖಂಡಿತವಾಗಿ ಹೇಳಲಾರನು. ಹೇಳಬೇಕಾದ ಅಗತ್ಯವೂ ನನಗೆ ಕಾಣಲಿಲ್ಲ.

ಇದಕ್ಕಿಂತ ಲಜ್ಜೆಯ ಸಂಗತಿಯೊಂದುಂಟು. ನನ್ನ ವಾಕ್ಯವು ನಿಜವಲ್ಲವೆಂಬುದು ನನಗೆ ಮಾಘ ಮಾಸದಲ್ಲಿಯೇ ತಿಳಿದಿತ್ತು. ಕಳೆದ ಭಾದ್ರಪದದಲ್ಲಿ ನಾನು ನೆತ್ತರನ್ನು ಪರೀಕ್ಷೆ ಮಾಡಿಸಿದ್ದೆನು. ಐದೂವರೆ ಅಡಿಯೊಳಗಿನ ಎತ್ತರಕ್ಕೆ 76 ಕಿಲೋ ತೂಕವಿದ್ದ ನನ್ನ ಲೆಕ್ಕವು ಹೀಗಿತ್ತು: ಒಟ್ಟು ಕೊಲೆಸ್ಟರಾಲ್ 228, ಟ್ರೈಗ್ಲಿಸರೈಡ್ 240, ಎಚ್.ಡಿ.ಎಲ್. 34, ಎಲ್.ಡಿ.ಎಲ್. 146. ವಾರಕ್ಕೆ ಆರು ದಿನ, ದಿನಕ್ಕೆ ನಲವತ್ತು ನಿಮಿಷದಂತೆ, ತುಂಗೆಯ ಕಮಾನು ಸೇತುವೆಯನ್ನು ದಾಟಿ ಹೋಗಿ ಬರುತ್ತ ನಾಲ್ಕೂವರೆ ತಿಂಗಳು ನಡೆದೆನು. ಮಾಘದಲ್ಲಿ ಮತ್ತೆ ಪರೀಕ್ಷಿಸಿದಾಗ ಒಟ್ಟು ಮೊತ್ತ 219, ಟ್ರೈಗ್ಲಿಸರೈಡ್ 175, ಎಚ್.ಡಿ.ಎಲ್. 37, ಎಲ್.ಡಿ.ಎಲ್. 147. ತೂಕದಲ್ಲಿ ಇಳಿದದ್ದು ಎರಡೇ ಕಿಲೋ. ಇಷ್ಟು ನಡೆದದ್ದಕ್ಕೆ ಇಷ್ಟೇಯೇ ಎಂದು ನಿರಾಶೆಯಾಯಿತು. ಮಿಥ್ಯಾಭಿಮಾನದಿಂದ ಆ ಕಾಗದವನ್ನು ನಿಘಂಟಿನ ಹಾಳೆಗಳ ನಡುವೆ ಇಟ್ಟುಬಿಟ್ಟೆನು. ಅದನ್ನು ಆಗಲೇ ಇಲ್ಲಿ ಬರೆದಿದ್ದರೆ ಒಬ್ಬರಾದರೂ ಎಚ್ಚರಗೊಳ್ಳುತ್ತಿದ್ದರು.

ಭಾವನವರು ಮನೆಗೆ ಬಂದ ಬಳಿಕ ನಾನು ಆ ಎರಡು ಕಾಗದಗಳನ್ನೂ ತೆಗೆದುಕೊಂಡು ಒಬ್ಬ ವೈದ್ಯರ ಬಳಿಗೆ ಹೋದೆನು. ಹಿಂದೆ ಹೊಸನಗರದಲ್ಲಿ ನನ್ನ ಕೈಕೆಳಗೆ ಶಬ್ದರೂಪಗಳನ್ನು ಕಂಠಪಾಠ ಮಾಡಿದ ಶಿಷ್ಯರವರು. ಕಾಗದಗಳನ್ನು ನೋಡಿ ನಕ್ಕು, “ಮೇಷ್ಟ್ರೇ, ನಿಮ್ಮ ನಡಿಗೆ ಫೇಲಾಗಿಲ್ಲ. ನೀವು ಅದಕ್ಕೆ ಬೇರೆ ವಿಷಯದ ಪ್ರಶ್ನೆಪತ್ರಿಕೆ ಕೊಟ್ಟಿದ್ದೀರಿ” ಎಂದರು. ಅನಂತರ ಅವರು ವಿವರಿಸಿದುದನ್ನೂ, ನಾನು ಓದಿ ತಿಳಿದುದನ್ನೂ ಸೇರಿಸಿ ಇಲ್ಲಿ ನಿರೂಪಿಸುತ್ತೇನೆ.

ಕೊಲೆಸ್ಟರಾಲ್ ಎಂಬ ಹೆಸರಿನ ಮೂಲವು ಗ್ರೀಕ್ ಭಾಷೆಯದು. ‘ಕೊಲೆ’ ಎಂದರೆ ಪಿತ್ತ, ‘ಸ್ಟೀರಿಯೋಸ್’ ಎಂದರೆ ಘನ. ಪಿತ್ತಕೋಶದ ಕಲ್ಲುಗಳಲ್ಲಿ ದೊರೆತ ಈ ಮೇಣದಂತಹ ಪದಾರ್ಥಕ್ಕೆ ಫ್ರಾನ್ಸಿನ ಷೆವ್ರಲ್ ಎಂಬ ರಸಾಯನಶಾಸ್ತ್ರಜ್ಞನು 19ನೆಯ ಶತಮಾನದ ಆದಿಭಾಗದಲ್ಲಿ ಈ ನಾಮಕರಣ ಮಾಡಿದನು. ಇದು ವಿಷವಲ್ಲ. ಜೀವಕೋಶಗಳ ಪೊರೆಗೂ ಹಲವು ಅಂತಃಸ್ರಾವಗಳಿಗೂ ಇದು ಬೇಕೇ ಬೇಕು. ಯಕೃತ್ತು ತಾನೇ ಇದನ್ನು ತಯಾರಿಸುತ್ತದೆ. ಆದರೆ ಎಣ್ಣೆಯು ನೀರಿನಲ್ಲಿ ಬೆರೆಯದಂತೆ ಇದೂ ನೆತ್ತರಿನಲ್ಲಿ ಬೆರೆಯದಾದುದರಿಂದ, ಸಣ್ಣ ಸಣ್ಣ ಮೂಟೆಗಳಲ್ಲಿ ಕಟ್ಟಲ್ಪಟ್ಟು ಸಂಚರಿಸಬೇಕು. ಎಲ್.ಡಿ.ಎಲ್. ಎಂಬ ಮೂಟೆಗಳು ಅತಿಯಾದರೆ ರಕ್ತನಾಳಗಳ ಗೋಡೆಯಲ್ಲಿ ಸೇರಿಕೊಂಡು ದಾರಿಯನ್ನು ಇಕ್ಕಟ್ಟುಗೊಳಿಸುವುವು. ಎಚ್.ಡಿ.ಎಲ್. ಮೂಟೆಗಳು ಮಿಕ್ಕ ಕೊಲೆಸ್ಟರಾಲನ್ನು ಯಕೃತ್ತಿಗೆ ಮರಳಿ ಒಯ್ಯುವ ಕೆಲಸದಲ್ಲಿ ಪಾಲುಗೊಳ್ಳುವುವು. ಟ್ರೈಗ್ಲಿಸರೈಡ್ ಎಂಬುದು ಉರುವಲಾಗಿ ಸಂಚರಿಸುವ ಕೊಬ್ಬು.

ಈಗ ನಡಿಗೆಯ ಕೆಲಸವನ್ನು ನೋಡೋಣ. ವೇಗವಾಗಿ ನಡೆಯುವುದು, ಸೈಕಲ್ ತುಳಿಯುವುದು, ಈಜುವುದು ಮೊದಲಾದ, ಉಸಿರಾಟದ ಗತಿಯನ್ನು ಹೆಚ್ಚಿಸಿ ಬಹಳ ಹೊತ್ತು ನಡೆಯುವ ವ್ಯಾಯಾಮಗಳನ್ನು ‘ಏರೋಬಿಕ್’ ಎಂದು ಕರೆಯುವರು. 1968ರಲ್ಲಿ ಅಮೆರಿಕದ ಕೆನೆತ್ ಕೂಪರ್ ಎಂಬ ವೈದ್ಯನ ಪುಸ್ತಕದಿಂದ ಈ ಮಾತು ಜನರ ಬಾಯಿಗೆ ಬಂದಿತು. ಇಂತಹ ವ್ಯಾಯಾಮದಲ್ಲಿ ತೊಡಗಿದ ಸ್ನಾಯುಗಳು ಉರುವಲನ್ನು ಬೇಡುತ್ತವೆ. ಆಗ ಅಲ್ಲಿಯ ಸೂಕ್ಷ್ಮ ರಕ್ತನಾಳಗಳಲ್ಲಿ ಲೈಪೋಪ್ರೋಟೀನ್ ಲೈಪೇಸ್ ಎಂಬ ಕಿಣ್ವವು ಹೆಚ್ಚಾಗಿ, ಹಾದುಹೋಗುವ ಮೂಟೆಗಳೊಳಗಿನ ಟ್ರೈಗ್ಲಿಸರೈಡನ್ನು ಬಿಡಿಸಿ ಸ್ನಾಯುವಿಗೆ ಒದಗಿಸುತ್ತದೆ. ಹೀಗೆ ಬರಿದಾದ ಮೂಟೆಗಳ ಹೊರ ಹೊದಿಕೆಯ ಭಾಗಗಳು ಎಚ್.ಡಿ.ಎಲ್.ಗೆ ಸೇರುತ್ತವೆ. ಆದುದರಿಂದಲೇ ನನ್ನ ಟ್ರೈಗ್ಲಿಸರೈಡ್ 240ರಿಂದ 175ಕ್ಕೆ ಇಳಿದದ್ದು, ಎಚ್.ಡಿ.ಎಲ್. ಮೂರು ಅಂಕ ಏರಿದ್ದು. ಈ ಕಿಣ್ವದ ಚುರುಕು ಒಂದೆರಡು ದಿನ ಮಾತ್ರ ಉಳಿಯುವುದರಿಂದ, ಭಾನುವಾರ ಒಂದೇ ದಿನ ಕೊಡಚಾದ್ರಿಯನ್ನು ಹತ್ತಿ ವಾರವೆಲ್ಲ ಕುಳಿತಿರುವುದಕ್ಕಿಂತ ದಿನವೂ ಮಿತವಾಗಿ ನಡೆಯುವುದೇ ಮೇಲು.

ಎಲ್.ಡಿ.ಎಲ್. ಏಕೆ ಇಳಿಯಲಿಲ್ಲ? ಅದನ್ನು ನೆತ್ತರಿನಿಂದ ಮುಖ್ಯವಾಗಿ ಹೊರತೆಗೆಯುವುದು ಸ್ನಾಯುವಲ್ಲ, ಯಕೃತ್ತು. ಯಕೃತ್ತಿನ ಕೋಶಗಳ ಮೇಲೆ ಎಲ್.ಡಿ.ಎಲ್. ಮೂಟೆಯನ್ನು ಹಿಡಿದು ಒಳಗೆಳೆದುಕೊಳ್ಳುವ ಬಾಗಿಲುಗಳಂತಹ ಗ್ರಾಹಕಗಳುಂಟು. ಇವುಗಳನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಎಂಬ ವಿಜ್ಞಾನಿಗಳಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ತುಪ್ಪ, ಬೆಣ್ಣೆ, ತೆಂಗಿನೆಣ್ಣೆಗಳಲ್ಲಿ ಹೇರಳವಾಗಿರುವ ಸಂತೃಪ್ತ ಕೊಬ್ಬು ಅತಿಯಾದರೆ ಈ ಬಾಗಿಲುಗಳು ಕಡಮೆಯಾಗುವುವು. ಜಪಾನಿನ ಅಕಿರಾ ಎಂಡೋ ಎಂಬ ಸಂಶೋಧಕನು 1970ರ ದಶಕದಲ್ಲಿ ಬೂಷ್ಟಿನಿಂದ ಕಂಡುಹಿಡಿದ ಸ್ಟಾಟಿನ್ ವರ್ಗದ ಔಷಧಗಳು ಇವೇ ಬಾಗಿಲುಗಳನ್ನು ಹೆಚ್ಚಿಸುವುವು. ನಮ್ಮ ಕಾಲು ಎಷ್ಟೇ ನಡೆದರೂ ಯಕೃತ್ತಿನ ಬಾಗಿಲುಗಳನ್ನು ಅಷ್ಟಾಗಿ ತೆರೆಸಲಾರದು. ಭಾವನವರು ನಿಲ್ಲಿಸಿದ ಮಾತ್ರೆಯು ಈ ವರ್ಗದ್ದೇ.

ಇದು ನನ್ನೊಬ್ಬನ ಅನುಭವವಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದವರು ಅಧಿಕ ತೂಕವುಳ್ಳ, ವ್ಯಾಯಾಮದ ಅಭ್ಯಾಸವಿಲ್ಲದ 111 ಮಂದಿ ಸ್ತ್ರೀಪುರುಷರನ್ನು ಆರಿಸಿ, ಸುಮಾರು ಎಂಟು ತಿಂಗಳ ಪ್ರಯೋಗವನ್ನು ನಡೆಸಿ 2002ರಲ್ಲಿ ಪ್ರಕಟಿಸಿದರು. ಒಂದು ಗುಂಪಿನವರು ವಾರಕ್ಕೆ ಸುಮಾರು 19 ಕಿಲೋಮೀಟರು ನಡೆದಷ್ಟು, ಇನ್ನೊಂದು ಗುಂಪಿನವರು ಅಷ್ಟೇ ದೂರ ಓಡಿದಷ್ಟು, ಮತ್ತೊಂದು ಗುಂಪಿನವರು 32 ಕಿಲೋಮೀಟರು ಓಡಿದಷ್ಟು ವ್ಯಾಯಾಮ ಮಾಡಿದರು, ನಾಲ್ಕನೆಯವರು ಸುಮ್ಮನಿದ್ದರು. ಎಲ್.ಡಿ.ಎಲ್. ಮೊತ್ತದಲ್ಲಿ ಯಾರಿಗೂ ಗಣನೀಯವಾದ ವ್ಯತ್ಯಾಸವಾಗಲಿಲ್ಲ. ಆದರೆ ಹೆಚ್ಚು ವ್ಯಾಯಾಮ ಮಾಡಿದವರಲ್ಲಿ ಎಲ್.ಡಿ.ಎಲ್.ನ ಕಿರಿದಾದ, ದಟ್ಟವಾದ ಕಣಗಳು ಕಡಮೆಯಾದವು, ಎಚ್.ಡಿ.ಎಲ್. ಏರಿತು. ವೇಗಕ್ಕಿಂತ ಒಟ್ಟು ಪ್ರಮಾಣವೇ ಮುಖ್ಯವೆಂದು ಅವರು ನಿರ್ಣಯಿಸಿದರು. ಅಡಿಕೆಯ ಬೆಳೆಗಾರರಿಗೆ ಇದು ಸುಲಭವಾಗಿ ತಿಳಿಯತಕ್ಕ ವಿಷಯ. ಸಾಗರದ ಮಂಡಿಯಲ್ಲಿ ಸರಕಿನ ಮೂಟೆಯೂ ಗೊರಬಲಿನ ಮೂಟೆಯೂ ತಕ್ಕಡಿಯಲ್ಲಿ ಒಂದೇ ತೂಗಬಹುದು. ಒಳಗಿನ ಮಾಲು ಒಂದೇ ಅಲ್ಲ. ಒಟ್ಟು ಅಂಕಿಯನ್ನಷ್ಟೇ ನೋಡುವವನು ತೂಕವನ್ನು ನೋಡಿ ದರ್ಜೆಯನ್ನು ಮರೆತವನಂತೆ.

ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ಒಂದು ವಿಮರ್ಶೆಯಂತೆ, ಇಂತಹ ವ್ಯಾಯಾಮದಿಂದ ಎಚ್.ಡಿ.ಎಲ್. ಸರಾಸರಿ ಎರಡೂವರೆ ಅಂಕದಷ್ಟು ಮಾತ್ರ ಏರುತ್ತದೆ. ಅದಕ್ಕೂ ವಾರಕ್ಕೆ 120 ನಿಮಿಷಗಳಾದರೂ ಬೇಕು. ಶರೀರವು ಬಹಳ ಸ್ಥೂಲವಾಗಿದ್ದರೆ ಏರಿಕೆ ಇನ್ನೂ ಕಡಮೆ. ಹಾಗಾದರೆ ಮೂರು ಅಂಕ ಏರಿಸಿಕೊಂಡ ನಾನು ಸರಾಸರಿ ವಿದ್ಯಾರ್ಥಿ, ದುಃಖಪಡುವ ಕಾರಣವಿಲ್ಲ.

ಇಷ್ಟು ಓದಿ, “ಅಲ್ಪಫಲಕ್ಕಾಗಿ ಇಷ್ಟು ಶ್ರಮವೇಕೆ?” ಎಂದು ಯಾರಾದರೂ ಜಗಲಿಯ ಕುರ್ಚಿಗೆ ಮರಳಿದರೆ ನಾನು ಎರಡನೆಯ ತಪ್ಪನ್ನು ಮಾಡಿದಂತಾದೀತು. 1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯನು ಲಂಡನ್ನಿನ ಬಸ್ಸುಗಳ ನೌಕರರನ್ನು ಕುರಿತ ಪರಿಶೀಲನೆಯನ್ನು ಪ್ರಕಟಿಸಿದನು. ದಿನವಿಡೀ ಕುಳಿತಿರುವ ಚಾಲಕರಿಗಿಂತ, ಎರಡಂತಸ್ತಿನ ಬಸ್ಸಿನಲ್ಲಿ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಿಗೆ ಹೃದ್ರೋಗ ಕಡಮೆಯೆಂದು ಕಂಡಿತು. ಅನಂತರ 1956ರಲ್ಲಿ ಅವನೂ ಅವನ ಸಂಗಡಿಗರೂ ಸಮವಸ್ತ್ರದ ಲೆಕ್ಕಗಳನ್ನು ತೆಗೆದು ನೋಡಲಾಗಿ, ಚಾಲಕರ ಷರಾಯಿಯ ಸೊಂಟದಳತೆಯೇ ದೊಡ್ಡದಾಗಿತ್ತು. ಕುಳಿತ ಕೆಲಸವೋ ಹೊಟ್ಟೆಯ ಬೊಜ್ಜೋ, ಯಾವುದು ಎಷ್ಟು ಕಾರಣವೆಂದು ಬಿಡಿಸುವುದು ಕಷ್ಟವೆಂಬುದನ್ನು ಆ ಪ್ರಾಮಾಣಿಕನು ಹೀಗೆ ತಾನೇ ತೋರಿಸಿದನು. ಅಂದಿನಿಂದ ನಡೆದ ಅನೇಕ ಪರಿಶೀಲನೆಗಳು ವ್ಯಾಯಾಮದ ಪಕ್ಷವನ್ನೇ ಬಲಪಡಿಸಿವೆ. ಅದು ರಕ್ತದೊತ್ತಡವನ್ನು ಇಳಿಸುತ್ತದೆ, ಸಕ್ಕರೆಯನ್ನು ಹತೋಟಿಗೆ ತರುತ್ತದೆ, ಹೊಟ್ಟೆಯೊಳಗಿನ ಕೊಬ್ಬನ್ನು ಕರಗಿಸುತ್ತದೆ. ಇವು ಯಾವುವೂ ಕೊಲೆಸ್ಟರಾಲಿನ ಕಾಗದದಲ್ಲಿ ಮೂಡುವುದಿಲ್ಲ. ನನ್ನ ಸೊಂಟವು 101 ಸೆಂಟಿಮೀಟರಿನಿಂದ 97ಕ್ಕೆ ಇಳಿದದ್ದನ್ನು ನನಗೆ ತಿಳಿಸಿದ್ದು ಪ್ರಯೋಗಶಾಲೆಯಲ್ಲ, ಪಂಚೆಯ ಮೇಲಿನ ಬೆಲ್ಟು.

ನಮ್ಮ ದೇಶದವರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತಿನವರು ತಮಿಳುನಾಡು, ಮಹಾರಾಷ್ಟ್ರ, ಝಾರ್ಖಂಡ, ಚಂಡೀಗಢಗಳಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ನೂರಕ್ಕೆ 72 ಮಂದಿಗೆ ಎಚ್.ಡಿ.ಎಲ್. ಕಡಮೆಯಿತ್ತು, ಎಲ್.ಡಿ.ಎಲ್. ಹೆಚ್ಚಾಗಿದ್ದವರು ನೂರಕ್ಕೆ 12ರಷ್ಟು. ಎಚ್.ಡಿ.ಎಲ್. ಅಂಕಿಯನ್ನು ಮಾತ್ರೆಯಿಂದ ಏರಿಸಿದರೆ ಸಾಕೆಂದು ಯಾರೂ ತಿಳಿಯಬಾರದು. ಹಾಗೆ ಏರಿಸಿದ ಒಂದು ಔಷಧದ ಪ್ರಯೋಗವನ್ನು, ಮರಣಗಳು ಹೆಚ್ಚಾದುದರಿಂದ, 2006ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಕಾಲಿನಿಂದ ಗಳಿಸಿದ ಮೂರು ಅಂಕಕ್ಕೂ ಮಾತ್ರೆಯಿಂದ ಗಳಿಸಿದ ಮೂವತ್ತು ಅಂಕಕ್ಕೂ ಬೆಲೆ ಒಂದೇ ಅಲ್ಲ.

ಸಂಸ್ಕೃತ ಓದಿದವನಾದ ನಾನು ಪ್ರಾಚೀನರ ಅಭಿಪ್ರಾಯವನ್ನೂ ಹೇಳದೆ ಬಿಡಲಾರೆ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವಾದ ಅಷ್ಟೌನಿಂದಿತೀಯದಲ್ಲಿ ಅತಿಸ್ಥೂಲನ ಕಷ್ಟಗಳ ವಿವರವುಂಟು; ವ್ಯಾಯಾಮವನ್ನು ಬಿಟ್ಟಿರುವುದನ್ನು ಅಲ್ಲಿ ಸ್ಥೌಲ್ಯದ ಕಾರಣಗಳಲ್ಲಿ ಒಂದೆಂದು ಎಣಿಸಿದೆ. ಆದರೆ ಅಲ್ಲಿಯ ‘ಮೇದಸ್ಸು’ ಎಂಬ ಶಬ್ದವನ್ನು ಹಿಡಿದು, ಇದೇ ಕೊಲೆಸ್ಟರಾಲ್, ನಮ್ಮವರು ಮೊದಲೇ ಬಲ್ಲರು ಎಂದು ಸಾಧಿಸುವುದು ಪಾಂಡಿತ್ಯವಲ್ಲ. ನಮಗೆ ಅವರಿಂದ ದೊರೆಯುವ ನಿಜವಾದ ಉಪಕಾರ ಬೇರೆ. ತನ್ನ ಬಲದ ಅರ್ಧದಷ್ಟೇ ವ್ಯಾಯಾಮ ಮಾಡತಕ್ಕದ್ದೆಂದು ಸುಶ್ರುತನೂ ವಾಗ್ಭಟನೂ ವಿಧಿಸಿದ್ದಾರೆ. ಇಂದಿನ ವೈದ್ಯರು ಹೇಳುವ ‘ಮಧ್ಯಮ’ ಶ್ರಮದ ಗುರುತೂ ಇದಕ್ಕೆ ಸಮೀಪವಾದುದೇ: ನಡೆಯುತ್ತ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2020ರ ಸೂಚನೆಗಳಲ್ಲಿ ಇಂತಹ ಶ್ರಮವನ್ನು ವಾರಕ್ಕೆ 150ರಿಂದ 300 ನಿಮಿಷಗಳೆಂದು ನಿಗದಿಮಾಡಿದೆ.

“ನಮ್ಮ ಅಜ್ಜಂದಿರು ತುಪ್ಪ ತಿಂದರು, ಮಾತ್ರೆ ಕಾಣಲಿಲ್ಲ, ಬಾಳಿದರಲ್ಲವೇ?” ಎಂದು ಕೇಳುವವರುಂಟು. ಬಾಳಿದವರನ್ನು ಮಾತ್ರ ನಾವು ನೆನೆಯುತ್ತೇವೆ. ನಲವತ್ತರಲ್ಲಿ ಎದೆಹಿಡಿದು ಹೋದವರ ಮರಣಕ್ಕೆ ಆ ಕಾಲದಲ್ಲಿ ಹೆಸರೇ ಇರಲಿಲ್ಲ. ಅಲ್ಲದೆ ಅವರು ಸಂತೆಗೂ ನೆಂಟರ ಮನೆಗೂ ಕಾಲ್ನಡಿಗೆಯಲ್ಲಿಯೇ ಗುಡ್ಡ ಹತ್ತಿಳಿದು ಹೋಗುತ್ತಿದ್ದರು. ನಾವು ತೋಟದ ಬೇಲಿಯವರೆಗೂ ಬೈಕಿನಲ್ಲಿ ಹೋಗಿ, ಅವರ ತುಪ್ಪವನ್ನು ಮಾತ್ರ ಉಳಿಸಿಕೊಂಡಿದ್ದೇವೆ. ನಾನೂ ಇದಕ್ಕೆ ಹೊರತಲ್ಲ. ನಡಿಗೆ ಮುಗಿಸಿ ಹೋಟೆಲಿನಲ್ಲಿ ಎರಡು ಬನ್ಸು ತಿಂದು ಬರುತ್ತಿದ್ದೆನು. ನಲವತ್ತು ನಿಮಿಷದ ನಡಿಗೆಯ ಗಳಿಕೆಯನ್ನು ಆ ಎರಡು ಬನ್ಸುಗಳು ಹತ್ತು ನಿಮಿಷದಲ್ಲಿ ಖರ್ಚುಮಾಡಿಬಿಡುತ್ತಿದ್ದವು.

ಮಲೆನಾಡಿನವರಿಗೆ ಇನ್ನೊಂದು ತೊಡಕುಂಟು: ಮಳೆ. ತೀರ್ಥಹಳ್ಳಿಯ ಆಗುಂಬೆ, ಹೊಸನಗರದ ಹುಲಿಕಲ್ಲುಗಳ ಸುತ್ತಿನವರು ಜೂನಿನಿಂದ ಸೆಪ್ಟೆಂಬರಿನವರೆಗೆ ಬೆಳಗಿನ ನಡಿಗೆಗೆ ಹೊರಡುವುದೆಂತು? ಆದರೆ ನಮ್ಮ ಮನೆಗಳಿಗೆ ಜಗಲಿಯುಂಟು. ನಲವತ್ತು ಅಡಿಯ ಜಗಲಿಯನ್ನು ಈ ತುದಿಯಿಂದ ಆ ತುದಿಗೆ 82 ಸಲ ನಡೆದರೆ ಒಂದು ಕಿಲೋಮೀಟರಾಗುವುದು. ಲೆಕ್ಕ ತಪ್ಪದಂತೆ ಹುಣಿಸೆಬೀಜಗಳನ್ನಿಟ್ಟುಕೊಂಡು ಎಣಿಸಬಹುದು. ಮಳೆ ನಿಂತ ಮೇಲೆ ಇನ್ನೊಂದು ಎಚ್ಚರಿಕೆ ಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣುಗುಗಳಿಂದ ಹರಡುವುದು; 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಜೀವಗಳನ್ನು ಬಲಿ ತೆಗೆದುಕೊಂಡಿತು. ಆದುದರಿಂದ ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಡಿನ ಕಾಲುದಾರಿಯನ್ನು ಬಿಟ್ಟು ಊರ ರಸ್ತೆಯನ್ನೇ ಹಿಡಿಯುವುದು ಲೇಸು.

ಗೃಹಿಣಿಯರ ವಿಷಯವನ್ನು ನನ್ನ ಸಹಧರ್ಮಿಣಿಯೇ ನೆನಪಿಸಿದಳು. “ನೀವು ನಡೆದು ಬರುವಷ್ಟರಲ್ಲಿ ಕಾಫಿ ತಿಂಡಿ ಆಗಬೇಕು. ಇನ್ನು ನಾನು ನಡೆಯುವುದು ಯಾವಾಗ?” ಎಂದಳು. ಮುಟ್ಟು ನಿಂತ ಬಳಿಕ ಸ್ತ್ರೀಯರಲ್ಲಿ ಎಲ್.ಡಿ.ಎಲ್. ಏರುವುದು ಸಾಮಾನ್ಯ. ಮನೆಗೆಲಸದಲ್ಲಿ ಆಯಾಸ ಬಹಳವಿದ್ದರೂ, ಉಸಿರು ಏರುವಂತೆ ಅರ್ಧ ಗಂಟೆ ಒಂದೇ ಸಮನೆ ನಡೆಯುವ ಅವಕಾಶ ಅದರಲ್ಲಿ ವಿರಳ. ಅಡಿಕೆ ಸುಲಿಯುವ ಕಾಲದಲ್ಲಂತೂ ಗಂಟೆಗಟ್ಟಲೆ ಕುಳಿತೇ ಇರಬೇಕು. ಈಗ ನಮ್ಮ ಮನೆಯಲ್ಲಿ ಬೆಳಗಿನ ಹಾಲು ಕಾಯಿಸಿ ಕಾಫಿ ಮಾಡುವುದು ನನ್ನ ಪಾಲಿಗೆ ಬಂದಿದೆ. ಅನಂತರ ಇಬ್ಬರೂ ಕೂಡಿಯೇ ಹೊರಡುತ್ತೇವೆ. ಗೃಹಸ್ಥರಾದ ವಾಚಕರು ಈ ಸಾಲನ್ನು ಎರಡು ಸಲ ಓದಬೇಕೆಂದು ಪ್ರಾರ್ಥನೆ.

2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ಹಬ್ಬಿದಾಗ ಜನರು ಗಾಬರಿಗೊಂಡು ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಭಯದಿಂದ ಒಂದು ದಿನ ಓಡುವುದಕ್ಕಿಂತ, ನಲವತ್ತು ದಾಟಿದವರು ಕಾಲಕಾಲಕ್ಕೆ ನೆತ್ತರನ್ನೂ ರಕ್ತದೊತ್ತಡವನ್ನೂ ಪರೀಕ್ಷಿಸಿಕೊಳ್ಳುವುದು ಬುದ್ಧಿವಂತಿಕೆ. ಬಹಳ ದಿನ ಕುಳಿತಿದ್ದು ಹೊಸತಾಗಿ ವ್ಯಾಯಾಮ ತೊಡಗುವವರು, ಸಕ್ಕರೆ ಕಾಯಿಲೆ ಅಥವಾ ಹೃದ್ರೋಗವುಳ್ಳವರು, ಮೊದಲು ವೈದ್ಯರನ್ನು ಕೇಳತಕ್ಕದ್ದು. ನಡೆಯುವಾಗ ಎದೆ ಬಿಗಿದರೆ, ನೋವು ತೋಳಿಗೋ ದವಡೆಗೋ ಹರಿದರೆ, ತಣ್ಣನೆಯ ಬೆವರು ಬಂದರೆ, ವಾಯುವೆಂದು ಓಮದ ಕಷಾಯ ಕುಡಿದು ಮಲಗದೆ ಕೂಡಲೆ ಆಸ್ಪತ್ರೆ ಸೇರಬೇಕು.

ಆದುದರಿಂದ, ಕಳೆದ ಶ್ರಾವಣದ ಸಂಚಿಕೆಯನ್ನು ಕಾಪಾಡಿಟ್ಟಿರುವ ವಾಚಕರು ಆ ಕೊನೆಯ ವಾಕ್ಯವನ್ನು ಹೊಡೆದುಹಾಕಿ, ಅದರ ಸ್ಥಾನದಲ್ಲಿ ಹೀಗೆ ಬರೆದುಕೊಳ್ಳಬೇಕೆಂದು ವಿಜ್ಞಾಪನೆ: “ನಡಿಗೆಯ ಕೆಲಸ ನಡಿಗೆಗೆ, ಊಟದ ಕೆಲಸ ಊಟಕ್ಕೆ, ಔಷಧದ ಕೆಲಸ ಔಷಧಕ್ಕೆ, ವೈದ್ಯರು ಕೊಟ್ಟದ್ದನ್ನು ವೈದ್ಯರನ್ನು ಕೇಳದೆ ಬಿಡಬಾರದು.” ವಾಕ್ಯವು ಮೊದಲಿನಷ್ಟು ಇಂಪಾಗಿಲ್ಲ. ನಾನೂ ಈಗ ತುಪ್ಪವನ್ನು ಮಿತಗೊಳಿಸಿ, ಶಿಷ್ಯ ವೈದ್ಯರು ಕೊಟ್ಟ ಮಾತ್ರೆಯನ್ನು ರಾತ್ರಿ ತೆಗೆದುಕೊಳ್ಳುತ್ತಿದ್ದೇನೆ. ಮೂರು ತಿಂಗಳಲ್ಲಿ ಎಲ್.ಡಿ.ಎಲ್. 92ಕ್ಕೆ ಇಳಿದಿದೆ. ನಡಿಗೆಯನ್ನು ಬಿಟ್ಟಿಲ್ಲ.

ಭಾವನವರು ವೈದ್ಯರು ಹಾಕಿಕೊಟ್ಟ ಮಿತಿಯಲ್ಲಿ ಮತ್ತೆ ನಡೆಯುತ್ತಿದ್ದಾರೆ. ಮೊನ್ನೆ ಫೋನಿನಲ್ಲಿ, “ಭಾವ, ಈ ಸಲ ಬರೆದದ್ದನ್ನು ಅಚ್ಚಿಗೆ ಕಳುಹಿಸುವ ಮೊದಲು ನನಗೆ ಓದಿ ಹೇಳಿ” ಎಂದರು. ಓದಿ ಹೇಳಿದ್ದೇನೆ. ಔಷಧದ ಡಬ್ಬಿಯಲ್ಲಿ ಹಳೆಯ ಪುಟವನ್ನು ತೆಗೆದು ಇದನ್ನು ಇಡಲು ತಂಗಿ ಒಪ್ಪಿದ್ದಾಳೆ.

ಮುಂದಿನ ತಿಂಗಳು ಅಡಿಗೆಮನೆಯ ಎಣ್ಣೆಗಳ ವಿಚಾರವನ್ನು ಬರೆಯಬೇಕೆಂದಿದ್ದೇನೆ. ಅಸ್ತು.